ಕೂತು ಮಾತಾಡುವ ವಿಷಯ

ಮಲೆನಾಡಿನಲ್ಲಿ ಹಳೇ ಕಾರಿಗೆ ಮೂರು ಶತ್ರುಗಳು: ಮಳೆ, ಇಲಿ ಮತ್ತು ಆಯುಧಪೂಜೆಯ ಹಿಂದಿನ ವಾರ. ಮೊದಲಿನ ಎರಡನ್ನು ಯಾರೂ ತಕರಾರಿಲ್ಲದೆ ಒಪ್ಪುತ್ತಾರೆ. ಮೂರನೆಯದಕ್ಕೆ ಮಾತ್ರ "ಎಂತ ಮಾರಾಯ್ರೇ, ಪೂಜೆ ಮಾಡುವುದೂ ತಪ್ಪೇ?" ಎಂಬ ಪ್ರಶ್ನೆ ಬರುತ್ತದೆ. ತಪ್ಪು ಪೂಜೆಯದಲ್ಲ, ಪೂಜೆಗೆ ಮುಂಚಿನ ಉತ್ಸಾಹದ್ದು. ವರ್ಷವಿಡೀ ಕೊಟ್ಟಿಗೆ ಪಕ್ಕದ ಮಾಡಿನಡಿ ಅಡಿಕೆ ಚೀಲ, ಮುರಿದ ಸೈಕಲ್ಲು, ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪು ಇವುಗಳ ನಡುವೆ ನಿಂತಿದ್ದ ಅಜ್ಜನ ಕಾಲದ ಅಂಬಾಸಿಡರನ್ನು ನವರಾತ್ರಿ ಹತ್ತಿರವಾದಾಗ ಅಂಗಳಕ್ಕೆ ತಳ್ಳುತ್ತಾರೆ. ತೊಳೆಯುತ್ತಾರೆ. ಬಾಗಿಲು ತೆಗೆದರೆ ಸೀಟು ಹರಿದಿದೆ, ನಾರು ಹೊರಗೆ ಬಂದಿದೆ, ಮೂಗಿಗೆ ಬೂಷ್ಟಿನ ವಾಸನೆ ಹೊಡೆಯುತ್ತದೆ. ಮರುದಿನವೇ ಸೀಟು ಪೇಟೆಯ ಕುಶನ್ ಅಂಗಡಿಯಲ್ಲಿ. ಸಂಜೆಯೊಳಗೆ ಹಳೆಯದೆಲ್ಲ ಕಿತ್ತು ಹೊರಗೆ ಬಿತ್ತು, ಹೊಸ ಫೋಮು, ಹೊಳೆಯುವ ರೆಕ್ಸಿನ್ನು ಒಳಗೆ ಬಂತು. ಹಬ್ಬದ ದಿನ ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಎಲ್ಲರೂ ಹತ್ತಿ ಒಂದು ಸುತ್ತು ಹೋಗಿ ಬಂದಾಯಿತು. ಕಿತ್ತದ್ದು ಎಲ್ಲಿಗೆ ಹೋಯಿತು? ಬಹುಪಾಲು ಬಚ್ಚಲ ಒಲೆಗೆ.

ನನಗೆ ಆ ಕಿತ್ತದ್ದರ ಮೇಲೆಯೇ ಕಣ್ಣು. ಇಂಜಿನ್ನು ಬೋರ್ ಮಾಡಿಸಬಹುದು, ಬಣ್ಣ ಹೊಡೆಸಬಹುದು, ತಗಡು ತಟ್ಟಿಸಬಹುದು. ಅಂಥ ಕೆಲಸ ಬಲ್ಲವರು ಸಾಗರದಲ್ಲೂ ಇದ್ದಾರೆ, ತೀರ್ಥಹಳ್ಳಿಯಲ್ಲೂ ಇದ್ದಾರೆ. ಆದರೆ ಅರವತ್ತು ವರ್ಷ ಹಿಂದಿನ ಬಟ್ಟೆ, ನಾರು, ಹುರಿ, ಹೊಲಿಗೆ ಒಮ್ಮೆ ಒಲೆ ಸೇರಿದರೆ ಆ ಕಾರಿನಲ್ಲಿ ಜನ ಯಾವುದರ ಮೇಲೆ ಕೂತಿದ್ದರು ಎಂದು ಹೇಳುವುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಹೊರಗೆ ಮಳೆ ಹಿಡಿದಿದೆ, ಅವಸರವೇನಿಲ್ಲ. ಕವಳ ಹಾಕುವವರು ಹಾಕಿಕೊಳ್ಳಿ, ಈ ಸೀಟಿನ ಸಮಾಚಾರ ಕೂತೇ ಮಾತಾಡಬೇಕಾದದ್ದು.

ಮೊದಲು ಸೀಟೇ ಇಲ್ಲದ ಕಾಲಕ್ಕೆ ಹೋಗಿಬರೋಣ. ಇಕ್ಕೇರಿ ರಾಜಧಾನಿಯಾಗಿದ್ದಾಗ, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜತೆ ವೆಂಕಟಪ್ಪ ನಾಯಕರ ಆಸ್ಥಾನಕ್ಕೆ ಬಂದಿದ್ದ. ಕರಾವಳಿಯಿಂದ ಘಟ್ಟ ಹತ್ತಿ ಬರುವುದೆಂದರೆ ಆಗ ಕುದುರೆ, ಮೇನೆ, ಇಲ್ಲವೇ ಸ್ವಂತ ಕಾಲು. ಆಮೇಲಿನ ಕಾಲದ ಕಮಾನು ಗಾಡಿ ನಮ್ಮಲ್ಲಿ ಹಲವರಿಗೆ ನೆನಪಿದೆ. ಅದರ ಕುಶನ್ನು ಯಾವುದು? ದಪ್ಪಗೆ ಹರಡಿದ ಒಣಹುಲ್ಲು, ಮೇಲೊಂದು ಜಮಖಾನ. ದಾರಿಯಲ್ಲಿ ಎತ್ತಿಗೆ ಹಸಿವಾದರೆ ಕುಶನ್ನಿನದೇ ಒಂದು ಹಿಡಿ ಎಳೆದು ಹಾಕಬಹುದಿತ್ತು. ಜಾತ್ರೆ ಮುಗಿಸಿ ಮನೆ ಸೇರುವಷ್ಟರಲ್ಲಿ ಹುಲ್ಲು ತೆಳ್ಳಗಾಗಿ ಗಾಡಿಯ ಹಲಗೆ ಬೆನ್ನಿಗೆ ತಾಗುತ್ತಿತ್ತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆ ಹುಲ್ಲನ್ನು ಕಾಪಾಡಿ ಎಂದು ಯಾರೂ ಹೇಳುವುದಿಲ್ಲ. ಜಮಖಾನ ಉಳಿದಿದ್ದರೆ ಮಾತ್ರ ಮಡಚಿಡಿ, ಅದರ ಕತೆ ಇನ್ನೊಮ್ಮೆ.

ಮೋಟಾರು ಬಂದಾಗ ಅದರೊಳಗಿನ ಸೀಟು ಹೊಸದಾಗಿ ಹುಟ್ಟಿದ್ದಲ್ಲ, ಕುದುರೆ ಸಾರೋಟಿನಿಂದ ಇಳಿದು ಬಂದದ್ದು. ಮದರಾಸಿನ ಸಿಂಪ್ಸನ್ ಕಂಪನಿ 1840ರಲ್ಲಿ ಶುರುವಾಗಿದ್ದು ಸಾರೋಟು ಕಟ್ಟುವುದಕ್ಕೆ. ಕಾಲ ಬದಲಾದಾಗ ಅದೇ ಕಂಪನಿ ಮೋಟಾರುಗಳಿಗೂ ಬಾಡಿ ಕಟ್ಟಿತು. ಕೈ ಅದೇ, ಸೂಜಿ ಅದೇ, ತುಂಬುವ ಸಾಮಾನೂ ಅದೇ. ಕೆಳಗೆ ಸುರುಳಿ ಸ್ಪ್ರಿಂಗುಗಳು, ಅವನ್ನು ಎಂಟು ದಿಕ್ಕಿಗೂ ಬಿಗಿದ ಹುರಿ, ಮೇಲೆ ಗೋಣಿ, ಗೋಣಿಯ ಮೇಲೆ ಕುದುರೆ ಕೂದಲು, ಅದರ ಮೇಲೆ ಹತ್ತಿಯ ಪದರ, ಕೊನೆಗೆ ಚರ್ಮ. ಕುದುರೆ ಕೂದಲೆಂದರೆ ಬಾಲದ್ದು, ಕುತ್ತಿಗೆಯದು. ಅದನ್ನು ಹಗ್ಗದಂತೆ ಬಿಗಿಯಾಗಿ ಹೊಸೆದು, ಹಬೆ ಕೊಟ್ಟು, ಒಣಗಿದ ಮೇಲೆ ಬಿಡಿಸಿದರೆ ಪ್ರತಿ ಎಳೆಯೂ ಗುಂಗುರಾಗಿ ನಿಲ್ಲುತ್ತದೆ. ಎಷ್ಟು ಒತ್ತಿದರೂ ಮತ್ತೆ ಏಳುತ್ತದೆ. ಎಳೆದುಕೊಂಡು ಹೋಗುವ ಕುದುರೆ ಹೋಯಿತು, ಕೂರಿಸಿಕೊಳ್ಳುವುದಕ್ಕೆ ಮಾತ್ರ ಅದೇ ಕುದುರೆ ಬೇಕಾಯಿತು, ನೋಡಿ.

ಸೀಟಿನ ಬಟ್ಟೆಯಲ್ಲೂ ಒಂದು ತಮಾಷೆ ಇದೆ. ಇಂದು ಚರ್ಮದ ಸೀಟೆಂದರೆ ಸಾಹುಕಾರಿಕೆ. 1920ರ ಆಸುಪಾಸಿನ, ಹಿಂಭಾಗ ಮಾತ್ರ ಮುಚ್ಚಿದ ದೊಡ್ಡ ಕಾರುಗಳಲ್ಲಿ ಚರ್ಮ ಇರುತ್ತಿದ್ದದ್ದು ಮುಂದೆ, ಡ್ರೈವರಿಗೆ. ಅವನು ಮಳೆ ಬಿಸಿಲಿಗೆ ಒಡ್ಡಿಕೊಂಡು ಕೂರುವವನು, ಅವನಿಗೆ ಒರೆಸಿದರೆ ಹೋಗುವ ಗಟ್ಟಿ ಸಾಮಾನು ಬೇಕು. ಹಿಂದೆ ಕೂರುವ ಯಜಮಾನರಿಗೆ ಮೆತ್ತನೆ ಉಣ್ಣೆ ಬಟ್ಟೆ. ನಮ್ಮ ಸರ್ಕಾರಿ ಅಂಬಾಸಿಡರುಗಳಲ್ಲಿ ಸಾಹೇಬರ ಸೀಟಿನ ಮೇಲೆ ಬಿಳಿ ಟವೆಲ್ ಹಾಸುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ನೇರ ಸಂಬಂಧ ಇರಲಿಕ್ಕಿಲ್ಲ. ಆದರೆ ಆ ಟವೆಲ್ಲಿಗೆ ನಾನು ಋಣಿ. ಬಿಸಿಲು, ಬೆವರು, ಎಲೆಯಡಿಕೆ ಕಲೆ ಎಲ್ಲವನ್ನೂ ಅದು ತಾನು ಕುಡಿದು ಅಡಿಯಲ್ಲಿದ್ದ ಅಸಲಿ ಹೊದಿಕೆಯನ್ನು ಎಷ್ಟೋ ಕಾರುಗಳಲ್ಲಿ ಉಳಿಸಿಕೊಟ್ಟಿದೆ.

ಟವೆಲ್ಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ಸಾಗರದ ಹತ್ತಿರ ಪರಿಚಯದವರೊಬ್ಬರ ಮನೆಯಲ್ಲಿ ಅಂಬಾಸಿಡರಿನ ಹಿಂದಿನ ಸೀಟನ್ನು ಜಗಲಿಗೆ ತಂದು ಮಗುಚಿ ಹಾಕಿದ್ದರು. ಕುಶನ್ ಕೆಲಸದವರೂ ಬಂದಿದ್ದರು, ಕೈಯಲ್ಲಿ ಕತ್ತರಿ. "ಎಲ್ಲ ಕಿತ್ತು ಹೊಸಾದು ಹಾಕಿಬಿಡಾಣ ಸಾರ್, ಇದರಲ್ಲೇನಿದೆ" ಎಂದರು. "ಏನಿದೆ ಅಂತ ನೋಡೋಣ ತಡೀರಿ" ಎಂದು ಕೂತೆವು. ಮೇಲೆ ಪ್ಲಾಸ್ಟಿಕ್ ದಾರದಲ್ಲಿ ನೇಯ್ದ ಕವರು. ಅದರಡಿ ಒಂದು ಕಂದು ರೆಕ್ಸಿನ್ನು. ಅದನ್ನು ಬಿಚ್ಚಿದರೆ ಇನ್ನೊಂದು, ತಿಳಿ ಹಸಿರು, ಅಂಚಿಗೆ ಬಿಳಿ ಪೈಪಿಂಗು. ಹಿಂದಿನ ಮಡಿಕೆಯಲ್ಲಿ, ಬಿಸಿಲು ಎಂದೂ ತಾಗದ ಜಾಗದಲ್ಲಿ, ಆ ಹಸಿರು ಎಳೇ ಬಾಳೆ ಸುಳಿಯ ಬಣ್ಣಕ್ಕಿತ್ತು. ಕೆಳಗೆ ಹತ್ತಿ, ತೆಂಗಿನ ನಾರಿನ ಹಾಸು, ಗೋಣಿ, ಸ್ಪ್ರಿಂಗು. ಗೋಣಿಯನ್ನು ಸ್ಪ್ರಿಂಗಿಗೆ ಹಿಡಿಸಿದ್ದ ತಂತಿಯ ಬಳೆಗಳಲ್ಲಿ ಅರ್ಧ ತುಕ್ಕು ಹಿಡಿದಿದ್ದವು, ಆದರೆ ಒಂದೂ ಬಿಟ್ಟಿರಲಿಲ್ಲ. ಮೂಲೆಯಲ್ಲಿ ಒಂದು ಹೇರ್‌ಪಿನ್ನು, ಎರಡು ಅಡಿಕೆ ಹೋಳು, ಹಳೇ ಹತ್ತು ಪೈಸೆಯ ಹೂವಿನಂಚಿನ ನಾಣ್ಯ. ಕುಶನ್ನಿನವರು ಕತ್ತರಿ ಕೆಳಗಿಟ್ಟರು. ಹಸಿರನ್ನು ಬೆರಳಿಂದ ಸವರಿ, "ಈ ಪೈಪಿಂಗು ಹಾಕಿದವ ಕೆಲಸ ಗೊತ್ತಿದ್ದವ ಸಾರ್" ಎಂದರು. ಒಬ್ಬ ಕಸುಬುದಾರ ಇನ್ನೊಬ್ಬನಿಗೆ, ಎಂದೂ ನೋಡದವನಿಗೆ, ಕೊಟ್ಟ ಆ ಮೆಚ್ಚುಗೆ ನನಗೆ ಬಹಳ ಹಿಡಿಸಿತು.

ಅಸಲಿ ಯಾವುದು, ಆಮೇಲಿನದು ಯಾವುದು ಎಂದು ತಿಳಿಯುವುದು ಹೇಗೆ? ಕಷ್ಟವಿಲ್ಲ, ತಾಳ್ಮೆ ಬೇಕು ಅಷ್ಟೇ. ಮೊದಲು ಬಿಸಿಲು ಮತ್ತು ಕೈ ತಾಗದ ಕಡೆ ನೋಡಬೇಕು: ಸೀಟಿನ ಅಡಿಮಡಿಕೆ, ಡೋರ್ ಪ್ಯಾಡಿನ ಹಿಂಬದಿ, ಕಾರ್ಪೆಟ್ಟಿನ ಅಂಚು. ಮರದ ಚೌಕಟ್ಟಿನ ಹಳೇ ಕಾರಾದರೆ ಮೊಳೆಯ ತೂತು ಎಣಿಸಬೇಕು. ಒಂದೇ ಸಾಲು ತೂತಿದ್ದರೆ ಮೊದಲ ಹೊದಿಕೆಯೇ ಉಳಿದಿದೆ ಎಂದು ನಂಬಬಹುದು, ಎರಡು ಮೂರು ಸಾಲಿದ್ದರೆ ಅಷ್ಟು ಸಲ ಬದಲಾಗಿದೆ. ಇನ್ನೊಂದು ಉಪಾಯ ಇನ್ನೂ ಸುಲಭ. ನೋಟು ಅಸಲಿಯೋ ನಕಲಿಯೋ ನೋಡಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ದೀಪ ಇದೆಯಲ್ಲ, ಅದನ್ನು ಕತ್ತಲಲ್ಲಿ ಹೊಲಿಗೆಯ ಮೇಲೆ ಹಿಡಿಯಿರಿ. ಈಚಿನ ದಾರಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುವುದರಿಂದ ನೀಲಿಯಾಗಿ ಹೊಳೆಯುತ್ತವೆ. ಹಳೇ ಹತ್ತಿ ದಾರ ಮಂಕಾಗಿಯೇ ಇರುತ್ತದೆ. ಸೋಪಿನ ಪುಡಿಯಲ್ಲಿ ತೊಳೆದ ಬಟ್ಟೆಯೂ ಹೊಳೆಯುತ್ತದೆ, ಆದ್ದರಿಂದ ಈ ಒಂದನ್ನೇ ನಂಬಿ ತೀರ್ಪು ಕೊಡಬೇಡಿ.

ಹುಳುವೂ ಸಾಕ್ಷಿ ಹೇಳುತ್ತದೆ ಎಂದರೆ ನಂಬುತ್ತೀರಾ? ಬಟ್ಟೆ ತಿನ್ನುವ ನುಸಿಯ ಮರಿಗೆ ಉಣ್ಣೆ ಬೇಕು, ಕೂದಲು ಬೇಕು. ಹತ್ತಿ ಅದಕ್ಕೆ ರುಚಿಸುವುದಿಲ್ಲ. ಒಂದೇ ಬಟ್ಟೆಯಲ್ಲಿ ಹೂವಿನ ಭಾಗ ಮಾತ್ರ ಸವೆದು ತಳದ ನೇಯ್ಗೆ ಹಾಗೇ ನಿಂತಿದ್ದರೆ ಮೇಲಿನದು ಉಣ್ಣೆ, ಕೆಳಗಿನದು ಹತ್ತಿ ಎಂದು ಊಹಿಸಬಹುದು. ಸುಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಉಣ್ಣೆಗೆ, ಕುದುರೆ ಕೂದಲಿಗೆ ತಲೆಗೂದಲು ಸುಟ್ಟ ವಾಸನೆ, ಹತ್ತಿಗೆ ಕಾಗದ ಸುಟ್ಟ ವಾಸನೆ. ಮಾಡುವುದಾದರೆ ಉದುರಿ ಬಿದ್ದ ಒಂದು ಎಳೆಯಲ್ಲಿ, ಕಾರಿನಿಂದ ದೂರ ಹೋಗಿ ಮಾಡಿ. ಯಾಕೆ ದೂರ ಎಂದಿರಾ? ಅದಕ್ಕೆ ರೆಕ್ಸಿನ್ನಿನ ಕತೆ ಕೇಳಬೇಕು.

ಈಗ ನಾವು ರೆಕ್ಸಿನ್ ಎನ್ನುವುದು ಬಹುಮಟ್ಟಿಗೆ ಪಿ.ವಿ.ಸಿ. ಆದರೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬ ಊರಿನಿಂದ ಬರುತ್ತಿದ್ದ ಮೊದಲಿನ ರೆಕ್ಸಿನ್ ಬೇರೆಯೇ ಸಾಮಾನು. ಹತ್ತಿ ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸ್ ಲೇಪ, ಅದು ಬಿರುಕು ಬಿಡದಂತೆ ಹರಳೆಣ್ಣೆ, ಜತೆಗೆ ಕರ್ಪೂರದ ಎಣ್ಣೆ. ನಮ್ಮ ಅಮ್ಮಂದಿರು ಮಕ್ಕಳ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆಯೇ ಮೋಟಾರು ಸೀಟನ್ನೂ ಮೆತ್ತಗಿಟ್ಟಿತ್ತು! ನೈಟ್ರೋಸೆಲ್ಯುಲೋಸ್ ಹಳೇ ಸಿನಿಮಾ ರೀಲಿನ ಸಾಮಾನೂ ಹೌದು. ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ದೂರ ಹೋಗಿ ಎಂದದ್ದು ಅದಕ್ಕೇ. ಹಳತಾದಂತೆ ಅದು ಹಳದಿ ತಿರುಗಿ, ಗಟ್ಟಿಯಾಗಿ, ಮಡಿಕೆಯಲ್ಲಿ ಸೀಳುತ್ತದೆ. ಪಿ.ವಿ.ಸಿ.ಯ ರೋಗ ಬೇರೆ. ಒಳಗಿನ ಮೆದುಕಾರಕ ನಿಧಾನವಾಗಿ ಮೇಲಕ್ಕೆ ಒಸರಿ ಅಂಟಂಟಾಗುತ್ತದೆ, ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟರೆ ಎರಡೂ ಸೇರಿ ಒಂದಾಗುತ್ತವೆ. ಮಡಚಬೇಡಿ, ಸುರುಳಿ ಸುತ್ತಿ ನಡುವೆ ಹತ್ತಿ ಬಟ್ಟೆ ಇಡಿ.

ಚರ್ಮದ ವಿಷಯಕ್ಕೆ ಬಂದರೆ ನಮ್ಮ ಕಾಡಿನ ಹೆಸರು ಬರುತ್ತದೆ. ಅಳಲೆಕಾಯಿ ಗೊತ್ತಲ್ಲ? ಕೆಮ್ಮಿಗೆ ಬಾಯಲ್ಲಿಟ್ಟುಕೊಳ್ಳುವುದು. ಪಶ್ಚಿಮ ಘಟ್ಟದ ಕಾಡುಗಳಿಂದ ಅದನ್ನು ಚೀಲ ಚೀಲವಾಗಿ ಒಟ್ಟುಮಾಡಿ ಹಡಗಿಗೆ ಹತ್ತಿಸುತ್ತಿದ್ದರು, ಇಂಗ್ಲೆಂಡಿನಲ್ಲಿ ಚರ್ಮ ಹದ ಮಾಡುವುದಕ್ಕೆ. ನಮ್ಮ ಅಳಲೆಯಲ್ಲೇ ಹದವಾದ ಚರ್ಮ ಕಾರಿನ ಸೀಟಾಗಿ ಮತ್ತೆ ಘಟ್ಟ ಹತ್ತಿ ಬಂದಿರಲೂಬಹುದು. ಹೀಗೆ ಕಾಯಿ, ತೊಗಟೆಗಳಲ್ಲಿ ಹದ ಮಾಡಿದ ಚರ್ಮವನ್ನು ಅಂಚಿನಲ್ಲಿ ನೋಡಿದರೆ ಒಳಗೆ ಕಂದು. ಕ್ರೋಮ್ ಹಾಕಿ ಹದ ಮಾಡಿದ್ದಾದರೆ ಒಳಗೆ ನೀಲಿ ಬೆರೆತ ಬೂದು. ಕಂದಿನದಕ್ಕೆ ವಯಸ್ಸಾದಾಗ ಒಂದು ಕಾಯಿಲೆ ಬರುತ್ತದೆ. ಗಾಳಿಯ ಹೊಗೆಯಲ್ಲಿರುವ ಗಂಧಕಾಮ್ಲ ಒಳಸೇರಿ ಚರ್ಮ ಕೆಂಪು ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಅಂಥದಕ್ಕೆ ನೀರು ತಾಗಿಸಿದರೆ ಕಪ್ಪಾಗಿ ಕಲ್ಲಾಗುತ್ತದೆ. ಮ್ಯೂಸಿಯಮ್ಮಿನವರು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಎಂಬ ಅಂಟನ್ನು ಆಲ್ಕೋಹಾಲಿನಲ್ಲಿ ತೆಳ್ಳಗೆ ಕಲಸಿ ಸವರಿ ಪುಡಿಯನ್ನು ಹಿಡಿದು ನಿಲ್ಲಿಸುತ್ತಾರೆ. ನಾವೋ? ತೆಂಗಿನೆಣ್ಣೆ ಹಚ್ಚುತ್ತೇವೆ! ಎರಡು ದಿನ ಮಿರಮಿರ ಹೊಳೆಯುತ್ತದೆ, ಆಮೇಲೆ ಆ ಎಣ್ಣೆಯೇ ಬೂಷ್ಟಿಗೆ ಊಟ. ಎಣ್ಣೆಯನ್ನು ದೋಸೆ ಕಾವಲಿಗೇ ಬಿಡೋಣ.

ಬೂಷ್ಟು ಎಂದ ಕೂಡಲೆ ಆಗುಂಬೆ ಕಣ್ಣಮುಂದೆ ಬರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು. ಹೊಸನಗರದ ಹುಲಿಕಲ್ಲೂ ಕಡಿಮೆಯದಲ್ಲ. ಗಾಳಿಯ ತೇವ ನೂರಕ್ಕೆ 65–70 ದಾಟಿದರೆ ಬೂಷ್ಟು ಏಳುತ್ತದೆ ಎನ್ನುತ್ತಾರೆ ಬಲ್ಲವರು. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಹಪ್ಪಳದ ಡಬ್ಬಿಯೊಳಗೂ ಅದಕ್ಕಿಂತ ಹೆಚ್ಚು ತೇವ. ಹಾಗಾದರೆ ಮಾಡುವುದೇನು? ಕಾರಿನ ಮೇಲೆ ನೀಲಿ ಟಾರ್ಪಾಲು ಬಿಗಿಯಬೇಡಿ, ಅದರೊಳಗೆ ನೆಲದ ಹಬೆ ಕಟ್ಟಿಕೊಳ್ಳುತ್ತದೆ. ಮೇಲೆ ಗಟ್ಟಿ ಮಾಡು, ಸುತ್ತ ಗಾಳಿ, ಕಾರಿಗೆ ಹಳೇ ಹತ್ತಿ ಸೀರೆಯ ಹೊದಿಕೆ, ಕಿಟಕಿ ಎರಡು ಬೆರಳು ಇಳಿಸಿ ಸಣ್ಣ ಕಣ್ಣಿನ ಜಾಲರಿ. ಬೂಷ್ಟು ಎದ್ದರೆ ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಇನ್ನಷ್ಟು ಹರಡುತ್ತದೆ. ಒಣಗಲು ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆ ಬ್ರಷ್ಷಿನಿಂದ ಹೊರಗೆ ಗುಡಿಸಿ. ಒಣಗಿಸುವುದು ನೆರಳಿನ ಗಾಳಿಯಲ್ಲಿ, ಅಡಿಕೆ ಹರಡುವ ಸುಡುಬಿಸಿಲಿನಲ್ಲಲ್ಲ.

ಇಲಿಗೆ ಇಷ್ಟು ಮಾತಿನ ಅಗತ್ಯವಿಲ್ಲ. ಅದಕ್ಕೆ ನಾರೂ ಹತ್ತಿಯೂ ಬಾಣಂತಿ ಕೋಣೆ. ಭತ್ತ, ಹುಲ್ಲು, ಹಿಂಡಿ ಚೀಲಗಳನ್ನು ಕಾರಿನ ಹತ್ತಿರ ಇಡದಿದ್ದರೆ ಅರ್ಧ ಗೆದ್ದಂತೆ.

ನಾರು ಎಂದಾಗ ಇನ್ನೊಂದು ನೆನಪಾಯಿತು. ಕುದುರೆ ಕೂದಲು ದುಬಾರಿಯಾದಾಗ ಅದರ ಜಾಗಕ್ಕೆ ಬಂದದ್ದು ರಬ್ಬರು ಹಾಲು ಸಿಂಪಡಿಸಿ ಒತ್ತಿದ ತೆಂಗಿನ ನಾರು. 1962ರಲ್ಲಿ ಶುರುವಾದ ನಮ್ಮ ಕರ್ಲಾನ್ ಕಂಪನಿ ಅದನ್ನೇ ಹಾಸಿಗೆ ಮಾಡಿ ಮನೆಮನೆಗೆ ಮುಟ್ಟಿಸಿತು. 1929ರಲ್ಲಿ ಡನ್‌ಲಪ್‌ನವರು ರಬ್ಬರು ಹಾಲನ್ನೇ ನೊರೆ ಮಾಡಿ ಹೆಪ್ಪುಗಟ್ಟಿಸಿ ಫೋಮು ಮಾಡಿದ್ದರು. ನಮ್ಮ ಕಡೆ ಇಂದಿಗೂ ಮೆತ್ತನೆ ಸೀಟಿಗೆಲ್ಲ ಡನ್ಲಪ್ ಎಂದೇ ಹೆಸರು. ರಬ್ಬರು ಮುಪ್ಪಾದರೆ ಪುಡಿಯಾಗುತ್ತದೆ, ಅದನ್ನು ಮರಳಿ ಜೀವಂತ ಮಾಡಲು ಬರುವುದಿಲ್ಲ. ಹಾಗಾದಾಗ ತುಂಬುವ ಸಾಮಾನು ಮಾತ್ರ ಬದಲಿಸಿ, ಮೇಲಿನ ಹೊದಿಕೆಯನ್ನು ಅದೇ ತೂತುಗಳಲ್ಲಿ ಹತ್ತಿ ದಾರದಿಂದ ಕೂಡಿಸುವುದು ಜಾಣತನ. ನೈಲಾನ್ ದಾರ ಬಲವೇನೋ ಹೌದು, ಹಳೇ ಚರ್ಮವನ್ನು ಗರಗಸದಂತೆ ಕೊಯ್ದುಬಿಡುತ್ತದೆ.

ಮಲೆನಾಡಿನ ವಾಹನವೆಂದು ಹೇಳಿ ಜೀಪನ್ನು ಬಿಡುವುದುಂಟೇ? ಎರಡನೇ ಮಹಾಯುದ್ಧ ಮುಗಿದು ಸೈನ್ಯ ವಿಲೇವಾರಿ ಮಾಡಿದ ಜೀಪುಗಳು, 1947ರಿಂದ ಮಹೀಂದ್ರದವರು ಜೋಡಿಸತೊಡಗಿದ ವಿಲ್ಲೀಸ್ ಜೀಪುಗಳು ಈ ಏರು ತಗ್ಗುಗಳಲ್ಲಿ ಅಡಿಕೆ, ಗೊಬ್ಬರ, ಮದುಮಕ್ಕಳು, ಹೆರಿಗೆ ನೋವಿನ ಹೆಂಗಸರು ಎಲ್ಲರನ್ನೂ ಹೊತ್ತಿವೆ. ಮಿಲಿಟರಿ ಜೀಪಿನ ಮೂಲ ಸೀಟು ಹಸಿರು ಕ್ಯಾನ್ವಾಸಿನದು. ಅದು ಹರಿದು ರೆಕ್ಸಿನ್ ಬಂತು, ಹುಡ್ಡಿನ ಕ್ಯಾನ್ವಾಸು ಹೋಗಿ ಪ್ಲಾಸ್ಟಿಕ್ ಟಾರ್ಪಾಲು ಬಂತು. ಜೀಪು ದುಡಿಯುವ ಗಾಡಿ, ಯಾರೂ ಹಳೇ ಕ್ಯಾನ್ವಾಸನ್ನು ಮುದ್ದು ಮಾಡಲಿಲ್ಲ. ಅದರಿಂದಾಗಿಯೇ ಮೂಲ ಕ್ಯಾನ್ವಾಸಿನ ಒಂದು ತುಂಡು ಸಿಕ್ಕರೂ ನನಗದು ದೊಡ್ಡ ಸಂಗತಿ.

ಕಾನೂನು ಏನನ್ನುತ್ತದೆ? 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಕ್ಕೆ ನಂಬರಿನಲ್ಲಿ 'ವಿ.ಎ.' ಅಕ್ಷರ. ಚಾಸಿಸ್ಸು, ಬಾಡಿ, ಇಂಜಿನ್ನು ಬದಲಾಗಿರಬಾರದು ಎಂದು ಅದರಲ್ಲಿ ಬರೆದಿದೆ. ಸೀಟಿನ ಮಾತಿಲ್ಲ. ಸೀಟನ್ನು ಕಾಯುವ ಹೊಣೆ ಹಾಗಾಗಿ ಪೂರಾ ಮನೆಯವರದೇ. 1966ರಲ್ಲಿ ಹುಟ್ಟಿದ ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ ಒಪ್ಪಿದ ಟ್ಯೂರಿನ್ ಸನ್ನದು ಇನ್ನೂ ಮುಂದೆ ಹೋಗುತ್ತದೆ: ಇದ್ದದ್ದನ್ನು ಉಳಿಸುವುದೇ ಮೊದಲು, ಹೊಸದು ಮಾಡುವುದು ಆಮೇಲೆ, ಹೊಸದಾಗಿ ಹಾಕಿದ್ದಕ್ಕೆ ಗುರುತಿರಲಿ ಎನ್ನುತ್ತದೆ.

ನೋಡಬೇಕೆಂದರೆ ಬಹಳ ದೂರ ಹೋಗಬೇಕಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದರೆ ಅಲ್ಲಿ ಹಳೇ ಕಾರುಗಳ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಸಂಗ್ರಹಾಲಯವೂ ಅದೇ ಕ್ಷೇತ್ರದವರದು. ಮೈಸೂರಿಗೆ ಹೋದವರು 1979ರಲ್ಲಿ ತೆರೆದ ರೈಲ್ವೆ ಮ್ಯೂಸಿಯಮ್ಮಿನಲ್ಲಿ 1899ರ ಮಹಾರಾಣಿ ಸಲೂನ್ ನೋಡಬಹುದು. ಮುಂದಿನ ಸಲ ಹೋದಾಗ ಇಂಜಿನ್ನಿನ ಎದುರು ಫೋಟೋ ಹೊಡೆಸಿಕೊಂಡ ಮೇಲೆ ಒಂದು ನಿಮಿಷ ಒಳಗೆ ಇಣುಕಿ, ಕೂರುವ ಜಾಗ ನೋಡಿ ಬನ್ನಿ.

ರಾಣಿಯರದು ಉಳಿಯಿತು, ನಮ್ಮದು? ಮೀಟರ್ ಗೇಜ್ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ಓಡುತ್ತಿದ್ದ ರೈಲ್‌ಬಸ್ಸಿನಲ್ಲಿ ಎಷ್ಟು ಮಕ್ಕಳು ಕಿಟಕಿ ಸೀಟಿಗೆ ಜಗಳಾಡಿದ್ದಾರೆ! ಕೊಪ್ಪದ ಸಹಕಾರ ಸಾರಿಗೆ, 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿ 2020ರಲ್ಲಿ ನಿಂತುಹೋದ ಸಂಸ್ಥೆ, ಅದರ ಬಸ್ಸುಗಳ ಸೀಟಿನಲ್ಲಿ ಮಲೆನಾಡಿನ ಒಂದು ತಲೆಮಾರೇ ತೂಕಡಿಸಿದೆ. ಅಂಥ ಸೀಟು ಒಂದಾದರೂ ಯಾವುದಾದರೂ ಶಾಲೆಯ, ಸಂಘದ ಕೋಣೆಯಲ್ಲಿ ಇರಬೇಕು ಎನ್ನುವುದು ನನ್ನ ಆಸೆ. ಕೆಳದಿಯ ಮ್ಯೂಸಿಯಮ್ಮಿನಲ್ಲಿ ತಾಳೆಗರಿಗಳನ್ನು ಜೋಪಾನ ಮಾಡಿದ ಊರು ನಮ್ಮದು, ರೆಕ್ಸಿನ್ನನ್ನು ಜೋಪಾನ ಮಾಡುವುದು ಅದಕ್ಕಿಂತ ಕಷ್ಟವೇ?

ಹೊಸ ಸೀಟು ಹೊಲಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಕಾರು ಓಡಿಸುವವರಿಗೆ ಕೂರಲು ಜಾಗ ಬೇಕೇ ಬೇಕು. ಹಳೆಯದು ಗಟ್ಟಿಯಿದ್ದರೆ ಅದರ ಮೇಲೆಯೇ ಕಳಚಿ ತೆಗೆಯಬಹುದಾದ ಹತ್ತಿ ಕವರು ಹೊಲಿಸಿ. ಕೀಳಲೇಬೇಕಾದರೆ ಕೀಳುವ ಮೊದಲು ಫೋಟೋ ತೆಗೆಯಿರಿ. ಕಿತ್ತ ಪ್ರತಿ ಪದರದಿಂದ ಒಂದು ಗೇಣು, ಪೈಪಿಂಗಿನ ಒಂದು ತುಂಡು, ನಾರಿನ ಒಂದು ಹಿಡಿ ಎತ್ತಿಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಕಾರಿನ ನಂಬರು, ತಾರೀಕು, ಯಾವ ಭಾಗದ್ದು ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿ ಜತೆಗಿಟ್ಟು ಒಣ ಜಾಗದಲ್ಲಿ ಇರಿಸಿ. ಕುಶನ್ ಅಂಗಡಿಯವರಿಗೂ ಮೊದಲೇ ಹೇಳಿಡಿ, ಹೇಳಿದರೆ ಅವರು ನಮಗಿಂತ ಚೆನ್ನಾಗಿ ಜೋಪಾನ ಮಾಡಿ ಕೊಡುತ್ತಾರೆ. ಇಷ್ಟಕ್ಕೆ ಬೇಕಾದದ್ದು ಅರ್ಧ ಗಂಟೆ ಮತ್ತು ಒಂದು ಹಳೇ ಪಂಚೆ.